ಹಕೀಮ್ ಅಜ್ಮಲ್ ಖಾನ್: ಬೇರಿನ ಗುಣವನ್ನು ಒರೆಗೆ ಹಚ್ಚಿದವರು

ನಮ್ಮ ಮಂಗಳೂರು ವೈದ್ಯಕೀಯ ಶಿಕ್ಷಣದ ಊರು. ಪಂಪ್‌ವೆಲ್ ವೃತ್ತದಲ್ಲಿ ನಿಂತರೆ ಕಂಕನಾಡಿ ಕಡೆಗೊಂದು ದೊಡ್ಡ ಆಸ್ಪತ್ರೆ, ತೊಕ್ಕೊಟ್ಟು ದಾಟಿ ದೇರಳಕಟ್ಟೆಯ ಕಡೆಗೆ ಹೋದರೆ ಮತ್ತೆ ಮೆಡಿಕಲ್ ಕಾಲೇಜುಗಳು. ನಮ್ಮ ಸಮುದಾಯದ ಮಕ್ಕಳೂ ಇಂದು ಈ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್., ಫಾರ್ಮಸಿ, ನರ್ಸಿಂಗ್ ಓದುತ್ತಿದ್ದಾರೆ ಎಂಬುದು ಸಂತೋಷದ ಸಂಗತಿ. ಹೃದ್ರೋಗದ ಪಾಠ ಓದುವಾಗ ಅವರಿಗೆ ಅಜ್ಮಲೀನ್ ಎಂಬ ಔಷಧದ ಹೆಸರು ಎದುರಾಗುತ್ತದೆ. ಹೃದಯದ ಬಡಿತದಲ್ಲಿ ಅಡಗಿರುವ ಒಂದು ಅಪಾಯಕಾರಿ ದೋಷವನ್ನು ಪತ್ತೆ ಹಚ್ಚಲು ಯುರೋಪಿನ ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವ ಔಷಧ ಇದು. ಈ ಹೆಸರು ದಿಲ್ಲಿಯ ಒಬ್ಬ ಯುನಾನಿ ವೈದ್ಯರದ್ದು ಎಂಬುದು ಎಷ್ಟು ಮಂದಿಗೆ ಗೊತ್ತು? ಅವರೇ ಮಸೀಹುಲ್ ಮುಲ್ಕ್ ಹಕೀಮ್ ಅಜ್ಮಲ್ ಖಾನ್.

ಸ್ವಾತಂತ್ರ್ಯ ಹೋರಾಟಗಾರರೆಂದು, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲಿ ಒಬ್ಬರೆಂದು ಅವರನ್ನು ನಾವು ಬಲ್ಲೆವು. ಆದರೆ ಅವರ ಜೀವನಕ್ಕೆ ಇನ್ನೊಂದು ಮುಖವಿದೆ. ತಲೆಮಾರುಗಳಿಂದ ಬಂದ ವಿದ್ಯೆಯನ್ನು ಪ್ರಯೋಗಾಲಯದ ಪರೀಕ್ಷೆಗೆ ಒಡ್ಡಲು ಅವರು ಹಿಂಜರಿಯಲಿಲ್ಲ. ಆ ಒಂದು ತೀರ್ಮಾನದಿಂದ ಹೃದಯದ ಸ್ನಾಯು ಹೇಗೆ ಸಂಕುಚಿಸುತ್ತದೆ, ನರಗಳು ಸಂದೇಶವನ್ನು ಹೇಗೆ ಸಾಗಿಸುತ್ತವೆ ಎಂಬ ತಿಳುವಳಿಕೆಗೆ ದೊಡ್ಡ ಕೊಡುಗೆ ಸಂದಿತು. ಈ ಲೇಖನದಲ್ಲಿ ಆ ಮುಖವನ್ನು ಪರಿಚಯಿಸುವ ಪ್ರಯತ್ನ ಮಾಡಿದ್ದೇನೆ.

ಮನೆತನ ಮತ್ತು ವಿದ್ಯಾಭ್ಯಾಸ

ಅಜ್ಮಲ್ ಖಾನರು 1868ರ ಫೆಬ್ರವರಿ 11ರಂದು ದಿಲ್ಲಿಯಲ್ಲಿ ಜನಿಸಿದರು. ಅವರದು ಶರೀಫ್‌ಖಾನಿ ಎಂದು ಹೆಸರಾದ ಹಕೀಮರ ಮನೆತನ. ಮೊಗಲ್ ಬಾದಶಹರ ಕಾಲದಿಂದಲೂ ವೈದ್ಯವೃತ್ತಿ ಈ ಮನೆತನಕ್ಕೆ ಬಂದಿತ್ತು. ಬಲ್ಲೀಮಾರಾನ್ ಬೀದಿಯಲ್ಲಿರುವ ಶರೀಫ್ ಮಂಜಿಲ್ ಅವರ ಮನೆಯೂ ಹೌದು, ಬಡವರು ಮದ್ದಿಗಾಗಿ ಬರುತ್ತಿದ್ದ ಚಿಕಿತ್ಸಾಲಯವೂ ಹೌದು. ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿದ ಅವರು ಅರಬಿ, ಪಾರಸಿ ಭಾಷೆಗಳನ್ನು ಕಲಿತು, ಮನೆಯ ಹಿರಿಯರ ಬಳಿಯಲ್ಲೇ ಯುನಾನಿ ವೈದ್ಯವನ್ನು ಅಭ್ಯಾಸ ಮಾಡಿದರು. ಉರ್ದು ಮತ್ತು ಪಾರಸಿಯಲ್ಲಿ ಶೈದಾ ಎಂಬ ಕಾವ್ಯನಾಮದಿಂದ ಕವಿತೆಗಳನ್ನೂ ಬರೆದರು.

ಉರ್ದು ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಕೀಮ್ ಎಂಬ ಪದ ಹಿಕ್ಮತ್ ಎಂಬ ಪದದ ಬಳಗಕ್ಕೆ ಸೇರಿದ್ದು. ಹಿಕ್ಮತ್ ಎಂದರೆ ವಿವೇಕ, ಜ್ಞಾನ. ಮದ್ದು ಕೊಡುವವನು ಮಾತ್ರ ಹಕೀಮನಲ್ಲ, ವಿಷಯದ ಮೂಲವನ್ನು ವಿಚಾರಿಸುವವನು ಹಕೀಮ. ಅಜ್ಮಲ್ ಖಾನರು ಈ ಪದದ ಅರ್ಥಕ್ಕೆ ತಕ್ಕಂತೆ ಬದುಕಿದರು.

1892ರಲ್ಲಿ ಅವರು ರಾಂಪುರದ ನವಾಬರ ಮುಖ್ಯ ವೈದ್ಯರಾಗಿ ನೇಮಕಗೊಂಡರು. ರಾಂಪುರದ ಗ್ರಂಥಾಲಯ ಅರಬಿ, ಪಾರಸಿ ಹಸ್ತಪ್ರತಿಗಳಿಗೆ ಪ್ರಸಿದ್ಧವಾದದ್ದು. ಗ್ರಂಥಗಳಲ್ಲಿ ಹೇಳಿದ್ದಕ್ಕೂ ರೋಗಿಯ ನಾಡಿಯಲ್ಲಿ ಕಾಣುವುದಕ್ಕೂ ಇರುವ ಸಂಬಂಧವನ್ನು ಅಲ್ಲಿ ಅವರು ಹತ್ತಿರದಿಂದ ನೋಡಿದರು. ದಿಲ್ಲಿಯ ತಮ್ಮ ಮನೆಗೆ ಬಂದ ರೋಗಿಗಳಿಂದ ಅವರು ಶುಲ್ಕ ಪಡೆಯುತ್ತಿರಲಿಲ್ಲವೆಂದೂ, ದಿಲ್ಲಿಯಿಂದ ಹೊರಗೆ ರಾಜಮಹಾರಾಜರು ಕರೆಸಿಕೊಂಡರೆ ದಿನಕ್ಕೆ 1000 ರೂಪಾಯಿ ಪಡೆಯುತ್ತಿದ್ದರೆಂದೂ ಹೇಳುತ್ತಾರೆ.

ಒಂದು ಸಣ್ಣ ಶಾಲೆಯಿಂದ ಕಾಲೇಜಿನವರೆಗೆ

ಅಜ್ಮಲ್ ಖಾನರ ಅಣ್ಣ ಹಕೀಮ್ ಅಬ್ದುಲ್ ಮಜೀದ್ ಖಾನರು ದಿಲ್ಲಿಯಲ್ಲಿ ಮದ್ರಸಾ ತಿಬ್ಬಿಯಾ ಎಂಬ ವೈದ್ಯಶಾಲೆಯನ್ನು ತೆರೆದಿದ್ದರು. ಅದುವರೆಗೆ ಯುನಾನಿ ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಮನೆಯೊಳಗೇ ಸಾಗುತ್ತಿತ್ತು. ಕೆಲವು ಮನೆತನಗಳು ತಮ್ಮ ಯೋಗಗಳನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತಿದ್ದವು. ತರಗತಿ, ಪಠ್ಯ, ಪರೀಕ್ಷೆ ಇರುವ ಶಾಲೆ ಹೊಸ ಕಲ್ಪನೆಯಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಣ್ಣಂದಿರಿಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಾಲೆಯ ಹೊಣೆ ಅಜ್ಮಲ್ ಖಾನರ ಹೆಗಲಿಗೆ ಬಿತ್ತು.

ಶಾಲೆಗೆ ಹಣ ಬೇಕಿತ್ತು. ಅದಕ್ಕಾಗಿ ಅವರು ಹಿಂದೂಸ್ತಾನಿ ದವಾಖಾನಾವನ್ನು ಬೆಳೆಸಿದರು. ಮನೆತನದ ಔಷಧಗಳನ್ನು ಅಲ್ಲಿ ತಯಾರಿಸಿ ಮಾರಿ, ಬಂದ ಲಾಭವನ್ನು ವಿದ್ಯೆಗೆ ಬಿಟ್ಟುಕೊಟ್ಟರು. ಅಂದರೆ ಗುಟ್ಟಾಗಿದ್ದ ಮನೆತನದ ಆಸ್ತಿ ಸಾರ್ವಜನಿಕರ ಶಿಕ್ಷಣದ ಬಂಡವಾಳವಾಯಿತು. 1909ರಲ್ಲಿ ಹೆಣ್ಣುಮಕ್ಕಳಿಗೂ ಸೂಲಗಿತ್ತಿಯರಿಗೂ ತರಬೇತಿ ಕೊಡುವ ಜನಾನಾ ಶಾಲೆಯನ್ನು ತೆರೆದರು. ಪರ್ದಾ ಬಿಗಿಯಾಗಿದ್ದ ಆ ದಿನಗಳಲ್ಲಿ ಹೆಣ್ಣು ವೈದ್ಯವಿದ್ಯೆ ಕಲಿಯುವುದೆಂದರೆ ಸಣ್ಣ ಮಾತಲ್ಲ.

ಇದೇ ಸಮಯಕ್ಕೆ ಸರಕಾರದ ಕಡೆಯಿಂದ ಒಂದು ಪೆಟ್ಟು ಬಿತ್ತು. ಪಾಶ್ಚಾತ್ಯ ವೈದ್ಯ ಕಲಿತವರಿಗಷ್ಟೇ ಮಾನ್ಯತೆ ನೀಡುವ ನೋಂದಣಿ ಕಾನೂನುಗಳು ಒಂದೊಂದೇ ಪ್ರಾಂತ್ಯದಲ್ಲಿ ತಲೆಯೆತ್ತಿದವು. ಬೊಂಬಾಯಿಯಲ್ಲಿ 1912ರಲ್ಲಿ ಇಂಥ ಕಾನೂನು ಬಂತು. ಹಕೀಮರೂ ವೈದ್ಯರೂ ಅನಧಿಕೃತರಾಗುವ ಅಪಾಯ ಎದುರಾಯಿತು. ಅಜ್ಮಲ್ ಖಾನರು ಯುನಾನಿ ಹಕೀಮರನ್ನೂ ಆಯುರ್ವೇದದ ಪಂಡಿತರನ್ನೂ ಒಂದೇ ವೇದಿಕೆಗೆ ಕರೆತಂದು ಇದನ್ನು ವಿರೋಧಿಸಿದರು. ಆದರೆ ವಿರೋಧವೊಂದೇ ಸಾಲದು ಎಂಬುದು ಅವರಿಗೆ ತಿಳಿದಿತ್ತು. ನಮ್ಮ ಔಷಧ ಗುಣಕಾರಿ ಎಂದು ನಾವು ಸಾವಿರ ಸಲ ಹೇಳಬಹುದು. ಅದನ್ನು ನಂಬದವನಿಗೆ ತೋರಿಸಿಕೊಡುವುದು ಹೇಗೆ?

1911ರಲ್ಲಿ ಅವರು ಯುರೋಪಿಗೆ ಹೋದರು. ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ ಡಾಕ್ಟರ್ ಮುಖ್ತಾರ್ ಅಹ್ಮದ್ ಅನ್ಸಾರಿಯವರ ಪರಿಚಯ ಅಲ್ಲಿ ಆಯಿತು. ಮುಂದೆ ಅದು ಜೀವನಪೂರ್ತಿ ಉಳಿದ ಗೆಳೆತನವಾಯಿತು. ಅಲ್ಲಿನ ಶಸ್ತ್ರವೈದ್ಯರೊಬ್ಬರು ಪಿತ್ತಕೋಶದ ರೋಗವೆಂದು ತಿಳಿದಿದ್ದ ಒಬ್ಬ ರೋಗಿಗೆ ಕರುಳಿನ ಮೇಲ್ಭಾಗದಲ್ಲಿ ಹುಣ್ಣಾಗಿದೆ ಎಂದು ಹಕೀಮರು ಹೇಳಿದರೆಂದೂ, ಶಸ್ತ್ರಚಿಕಿತ್ಸೆಯಲ್ಲಿ ಹಕೀಮರ ಮಾತೇ ನಿಜವಾಯಿತೆಂದೂ ಒಂದು ಪ್ರಸಂಗ ಪ್ರಚಲಿತವಾಗಿದೆ. ಆ ಪ್ರಸಂಗಕ್ಕಿಂತ ಮುಖ್ಯವಾದದ್ದು ಅವರು ಅಲ್ಲಿಂದ ಹೊತ್ತು ತಂದ ಯೋಚನೆ. ಯುರೋಪಿನ ಆಸ್ಪತ್ರೆಯ ಪಕ್ಕದಲ್ಲಿ ಕಾಲೇಜು, ಕಾಲೇಜಿನ ಪಕ್ಕದಲ್ಲಿ ಪ್ರಯೋಗಾಲಯ ಇರುವುದನ್ನು ಅವರು ಕಂಡರು. ನಮ್ಮಲ್ಲಿ ಇಲ್ಲದ್ದು ಈ ಮೂರನೆಯದು.

1916ರಲ್ಲಿ ದಿಲ್ಲಿಯ ಕರೋಲ್‌ಬಾಗ್‌ನಲ್ಲಿ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ ವೈಸರಾಯ್ ಲಾರ್ಡ್ ಹಾರ್ಡಿಂಜ್ ಶಿಲಾನ್ಯಾಸ ಮಾಡಿದರು. 1921ರ ಫೆಬ್ರವರಿ 13ರಂದು ಗಾಂಧೀಜಿಯವರು ಅದನ್ನು ಉದ್ಘಾಟಿಸಿದರು. ವೈಸರಾಯರ ಕೈಯಲ್ಲಿ ಅಡಿಗಲ್ಲು, ಐದೇ ವರ್ಷದಲ್ಲಿ ಗಾಂಧೀಜಿಯ ಕೈಯಲ್ಲಿ ಉದ್ಘಾಟನೆ. ಈ ನಡುವೆ ದೇಶವೂ ಬದಲಾಗಿತ್ತು, ಹಕೀಮರೂ ಬದಲಾಗಿದ್ದರು. ಸರಕಾರ ಕೊಟ್ಟಿದ್ದ ಹಾಜಿಕುಲ್ ಮುಲ್ಕ್ ಬಿರುದನ್ನು 1920ರಲ್ಲಿ ಅವರು ಹಿಂದಿರುಗಿಸಿದರು. ಜನರು ಮಸೀಹುಲ್ ಮುಲ್ಕ್ ಎಂದು ಕರೆದರು. ಅದೇ ವರ್ಷ ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿಯಾದರು. 1921ರ ಡಿಸೆಂಬರಿನಲ್ಲಿ ಚುನಾಯಿತ ಅಧ್ಯಕ್ಷ ಚಿತ್ತರಂಜನ್ ದಾಸ್ ಸೆರೆಮನೆಯಲ್ಲಿದ್ದುದರಿಂದ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿದರು. 1925ರಲ್ಲಿ ಹಣದ ಮುಗ್ಗಟ್ಟಿನಿಂದ ಜಾಮಿಯಾ ಮುಚ್ಚುವ ಸ್ಥಿತಿಗೆ ಬಂದಾಗ ಅದನ್ನು ದಿಲ್ಲಿಗೆ ತಂದು ಉಳಿಸಿದವರಲ್ಲಿ ಅವರೇ ಮುಂದಾಳು.

ಫ್ರಾಂಕ್‌ಫರ್ಟಿನ ವಿದ್ಯಾರ್ಥಿ

ಕಾಲೇಜು ತೆರೆಯಿತು. ಪ್ರಯೋಗಾಲಯ ನಡೆಸಬಲ್ಲವರು ಯಾರು? ಆಗ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವಕ ರಸಾಯನಶಾಸ್ತ್ರ ಓದುತ್ತಿದ್ದರು. 1897ರಲ್ಲಿ ಲಖನೌ ಸಮೀಪದ ಊರಿನಲ್ಲಿ ಹುಟ್ಟಿ, ಅಲಿಗಢದಲ್ಲಿ ತತ್ತ್ವಶಾಸ್ತ್ರ ಮತ್ತು ಪಾರಸಿ ಓದಿದವರು. ವೈದ್ಯವಿದ್ಯೆಗೆಂದು ಲಂಡನ್ನಿಗೆ ಹೋಗಿ, ಮನಸ್ಸು ಬದಲಿಸಿ ಜರ್ಮನಿ ಸೇರಿದವರು, ಚಿತ್ರಕಾರರೂ ಹೌದು. ಹಣದ ತೊಂದರೆ ಬಂದಾಗ ಅವರ ಓದಿಗೆ ಹಕೀಮರು ನೆರವಾದರು. 1927ರಲ್ಲಿ ಸಿದ್ದೀಕಿಯವರಿಗೆ ಡಾಕ್ಟರೇಟ್ ದೊರೆಯಿತು. ತಿಬ್ಬಿಯಾ ಕಾಲೇಜಿನಲ್ಲಿ ಸಂಶೋಧನಾ ಸಂಸ್ಥೆಯನ್ನು ಕಟ್ಟುವ ಕೆಲಸ ಅವರ ಪಾಲಿಗೆ ಬಂತು.

ಇಲ್ಲಿ ಹಕೀಮರ ಧೈರ್ಯವನ್ನು ಗುರುತಿಸಬೇಕು. ಗಿಡಮೂಲಿಕೆಯ ಗುಣವನ್ನು ಪ್ರಯೋಗಾಲಯದಲ್ಲಿ ಅಳೆಯುವುದೆಂದರೆ ಎರಡು ಫಲಿತಾಂಶಗಳಿಗೂ ಸಿದ್ಧರಿರಬೇಕು. ಗುಣ ಇದೆ ಎಂದೂ ಬರಬಹುದು, ಇಲ್ಲ ಎಂದೂ ಬರಬಹುದು. ಯುನಾನಿ ವಿದ್ಯೆಯನ್ನು ಪಾಶ್ಚಾತ್ಯ ವಿಜ್ಞಾನದೊಡನೆ ಬೆರೆಸಿದರೆ ಅದರ ಶುದ್ಧತೆ ಕೆಡುತ್ತದೆ ಎಂಬ ಅಭಿಪ್ರಾಯದ ಹಕೀಮರೂ ಆ ಕಾಲದಲ್ಲಿ ಇದ್ದರು. ಅಜ್ಮಲ್ ಖಾನರು ಆ ದಾರಿ ಹಿಡಿಯಲಿಲ್ಲ.

ಫಲಿತಾಂಶ ನೋಡುವ ಭಾಗ್ಯ ಅವರಿಗೆ ಇರಲಿಲ್ಲ. 1927ರ ಡಿಸೆಂಬರ್ 29ರಂದು ಹೃದಯದ ತೊಂದರೆಯಿಂದ ಅವರು ನಿಧನರಾದರು. ಆಗ ಅವರಿಗೆ 59 ವರ್ಷ.

ಸರ್ಪಗಂಧದ ಬೇರು ಮತ್ತು ಕಪ್ಪೆ

ಸಿದ್ದೀಕಿಯವರು ಕೈಗೆತ್ತಿಕೊಂಡ ಗಿಡ ಸರ್ಪಗಂಧ. ಕನ್ನಡದಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು, ಯುನಾನಿಯಲ್ಲಿ ಅಸ್ರೋಲ್ ಎನ್ನುತ್ತಾರೆ. ನಮ್ಮ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲೂ ಬೆಳೆಯುವ ಮೊಣಕಾಲೆತ್ತರದ ಪೊದೆ ಇದು. ಬಿಳಿ ಹೂವು, ಕೆಂಪು ತೊಟ್ಟು, ತೀರ ಕಹಿಯಾದ ಬೇರು. ಹಾವಿನ ಕಡಿತ, ಜ್ವರ, ನಿದ್ರಾಹೀನತೆ, ಹುಚ್ಚು ಇವುಗಳಿಗೆ ನಾಟಿವೈದ್ಯರು ಈ ಬೇರನ್ನು ಕೊಡುತ್ತಿದ್ದರು. ಬಿಹಾರದ ಕಡೆ ಇದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು.

1931ರಲ್ಲಿ ಸಿದ್ದೀಕಿ ಮತ್ತು ಅವರ ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಕಿ ಈ ಬೇರಿನಿಂದ ಐದು ಆಲ್ಕಲಾಯ್ಡ್‌ಗಳನ್ನು ಬೇರ್ಪಡಿಸಿದರು. ಆಲ್ಕಲಾಯ್ಡ್ ಎಂದರೆ ಗಿಡಗಳಲ್ಲಿರುವ, ನೈಟ್ರೋಜನ್ ಒಳಗೊಂಡ, ಸಾಮಾನ್ಯವಾಗಿ ಕಹಿಯಾದ ವಸ್ತು. ಚಹಾದ ಕೆಫೀನ್, ಸಿಂಕೋನಾ ತೊಗಟೆಯ ಕ್ವಿನೈನ್ ಇದೇ ಜಾತಿಯವು. ಐದರಲ್ಲಿ ಮೂರಕ್ಕೆ ತಮ್ಮ ದಿವಂಗತ ಹಿರಿಯರ ನೆನಪಿಗಾಗಿ ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್ ಎಂದು ಹೆಸರಿಟ್ಟರು. ಉಳಿದೆರಡು ಸರ್ಪೆಂಟೀನ್ ಮತ್ತು ಸರ್ಪೆಂಟಿನೀನ್.

ವಸ್ತು ದೊರೆಯಿತು, ಅದು ಮಾಡುವ ಕೆಲಸವೇನು? ಇದಕ್ಕೆ ಉತ್ತರ ಕೊಟ್ಟದ್ದು ಕಪ್ಪೆ. ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದರೂ ಸೂಕ್ತವಾದ ಉಪ್ಪಿನ ದ್ರಾವಣದಲ್ಲಿ ಅದು ಬಹಳ ಹೊತ್ತು ಬಡಿಯುತ್ತಲೇ ಇರುತ್ತದೆ. ಆ ಕಾಲದ ಶರೀರಕ್ರಿಯಾ ಪ್ರಯೋಗಾಲಯಗಳಲ್ಲಿ ಹೃದಯಕ್ಕೋ ಕಾಲಿನ ಸ್ನಾಯುವಿಗೋ ದಾರ ಕಟ್ಟಿ, ದಾರದ ತುದಿಗೆ ಹಗುರವಾದ ಕಡ್ಡಿ ಜೋಡಿಸಿ, ನಿಧಾನವಾಗಿ ತಿರುಗುವ ಉರುಳೆಗೆ ಮಸಿ ಹಿಡಿಸಿದ ಕಾಗದ ಸುತ್ತುತ್ತಿದ್ದರು. ಸ್ನಾಯು ಸಂಕುಚಿಸಿದಾಗಲೆಲ್ಲ ಕಡ್ಡಿ ಕಾಗದದ ಮೇಲೆ ಗೆರೆ ಗೀರುತ್ತಿತ್ತು. ಔಷಧದ ಹನಿ ಬಿದ್ದ ಮೇಲೆ ಗೆರೆ ಎತ್ತರವಾದರೆ ಸಂಕೋಚನ ಬಲವಾಯಿತು, ಗಿಡ್ಡವಾದರೆ ದುರ್ಬಲವಾಯಿತು, ಗೆರೆಗಳ ನಡುವಿನ ಅಂತರ ಹೆಚ್ಚಿದರೆ ಬಡಿತ ನಿಧಾನವಾಯಿತು ಎಂದು ತಿಳಿಯುತ್ತಿತ್ತು. ಗಾಂಧೀಜಿ ತಿಬ್ಬಿಯಾ ಕಾಲೇಜನ್ನು ಉದ್ಘಾಟಿಸಿದ 1921ರಲ್ಲೇ ಆಸ್ಟ್ರಿಯಾದ ಓಟೋ ಲೋವಿ ಎರಡು ಕಪ್ಪೆ ಹೃದಯಗಳ ಪ್ರಯೋಗವನ್ನು ಪ್ರಕಟಿಸಿದ್ದರು. ಒಂದು ಹೃದಯದ ನರವನ್ನು ಪ್ರಚೋದಿಸಿದಾಗ ಅದು ನಿಧಾನವಾಯಿತು. ಅದರ ದ್ರಾವಣವನ್ನು ಎರಡನೆಯ ಹೃದಯಕ್ಕೆ ಸುರಿದಾಗ ಅದೂ ನಿಧಾನವಾಯಿತು. ನರದ ತುದಿಯಿಂದ ಒಂದು ರಾಸಾಯನಿಕ ಹೊರಬಂದು ಸಂದೇಶವನ್ನು ಮುಟ್ಟಿಸುತ್ತದೆ ಎಂಬುದು ಇದರಿಂದ ಸ್ಥಿರವಾಯಿತು.

ಸಿದ್ದೀಕಿಯವರು ತಮ್ಮ ವಸ್ತುಗಳನ್ನು ಕಪ್ಪೆಗಳ ಮೇಲೆ ಪರೀಕ್ಷಿಸಿದಾಗ ಎರಡು ಗುಂಪುಗಳು ಬೇರೆ ಬೇರೆಯಾಗಿ ವರ್ತಿಸಿದವು. ಅಜ್ಮಲೀನ್ ಗುಂಪು ಹೃದಯ, ಉಸಿರಾಟ, ನರ ಮೂರನ್ನೂ ಮಂದಗೊಳಿಸಿತು. ಸರ್ಪೆಂಟೀನ್ ಗುಂಪು ಉಸಿರಾಟ ಮತ್ತು ನರಗಳನ್ನು ಕುಂಠಿತಗೊಳಿಸಿದರೂ ಹೃದಯವನ್ನು ಚುರುಕುಗೊಳಿಸಿತು. ಒಂದೇ ಬೇರಿನಲ್ಲಿ ಹೃದಯವನ್ನು ತಗ್ಗಿಸುವ ವಸ್ತುವೂ ಇದೆ, ಎಬ್ಬಿಸುವ ವಸ್ತುವೂ ಇದೆ! ಬೇರಿನ ಪುಡಿಯನ್ನು ಅಳತೆಯಿಲ್ಲದೆ ಕೊಡುವುದು ಏಕೆ ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ. ಅದೇ 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಉಪಯುಕ್ತವೆಂದು ಬರೆದರು. 1933ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು ಪ್ರಾಣಿಗಳ ಮೇಲಿನ ಪರೀಕ್ಷೆಗಳನ್ನು ಮುಂದುವರಿಸಿದರು.

ಹೃದಯದ ಸ್ನಾಯು, ನರದ ಸಂದೇಶ

ಅಜ್ಮಲೀನ್ ಮಾಡುವ ಕೆಲಸ ಇಂದು ನಮಗೆ ಚೆನ್ನಾಗಿ ತಿಳಿದಿದೆ. ಹೃದಯದ ಪ್ರತಿ ಬಡಿತಕ್ಕೂ ಮೊದಲು ಒಂದು ವಿದ್ಯುತ್ ಅಲೆ ಅದರ ಸ್ನಾಯುವಿನಲ್ಲಿ ಹರಡುತ್ತದೆ. ಜೀವಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುವುದರಿಂದ ಈ ಅಲೆ ಹುಟ್ಟುತ್ತದೆ. ಅದರ ಬೆನ್ನಲ್ಲೇ ಕ್ಯಾಲ್ಸಿಯಂ ಕೋಶದೊಳಗೆ ಹೆಚ್ಚಾಗಿ ಸ್ನಾಯು ಸಂಕುಚಿಸುತ್ತದೆ. ಅಜ್ಮಲೀನ್ ಮುಖ್ಯವಾಗಿ ಸೋಡಿಯಂನ ಬಾಗಿಲುಗಳನ್ನು ತಡೆಯುತ್ತದೆ. ಆಗ ಅಲೆ ನಿಧಾನವಾಗುತ್ತದೆ. ತಾಳತಪ್ಪಿದ ಹೃದಯಬಡಿತವನ್ನು ಹದಕ್ಕೆ ತರಲು ಜರ್ಮನಿ ಮುಂತಾದ ದೇಶಗಳಲ್ಲಿ ಇದು ಬಳಕೆಗೆ ಬಂತು. 1992ರಲ್ಲಿ ಬ್ರುಗಾಡಾ ಸಹೋದರರು ಒಂದು ಹೃದ್ರೋಗವನ್ನು ವಿವರಿಸಿದರು. ನೋಡಲು ಆರೋಗ್ಯವಂತನಾದ ಯುವಕ ನಿದ್ದೆಯಲ್ಲೇ ಹಠಾತ್ತನೆ ಸಾಯಲು ಕಾರಣವಾಗಬಲ್ಲ ರೋಗ ಅದು. ಎಷ್ಟೋ ಮಂದಿಯಲ್ಲಿ ಸಾಮಾನ್ಯ ಇ.ಸಿ.ಜಿ.ಯಲ್ಲಿ ಇದು ಕಾಣುವುದಿಲ್ಲ. ತಜ್ಞರ ಕಣ್ಗಾವಲಿನಲ್ಲಿ ಅಜ್ಮಲೀನನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರೆ ಅಡಗಿದ್ದ ದೋಷ ಇ.ಸಿ.ಜಿ.ಯಲ್ಲಿ ಹೊರಬೀಳುತ್ತದೆ. ಇದನ್ನು ಅಜ್ಮಲೀನ್ ಪರೀಕ್ಷೆ ಎಂದೇ ಕರೆಯುತ್ತಾರೆ. ಹೃದಯದ ತೊಂದರೆಯಿಂದ ತೀರಿಕೊಂಡ ಹಕೀಮರ ಹೆಸರು ಈಗ ಇತರರ ಹೃದಯವನ್ನು ಕಾಯುತ್ತಿದೆ.

ಆದರೆ ಸರ್ಪಗಂಧದ ಮುಖ್ಯ ಗುಟ್ಟು 1931ರಲ್ಲಿ ಬಯಲಾಗಿರಲಿಲ್ಲ. ಬೇರು ಮನಸ್ಸನ್ನು ಶಾಂತಗೊಳಿಸುವುದು ಯಾವುದರಿಂದ ಎಂಬುದಕ್ಕೆ ಐದು ಆಲ್ಕಲಾಯ್ಡ್‌ಗಳಲ್ಲಿ ಉತ್ತರ ಸಿಗಲಿಲ್ಲ. ಆ ಗುಣ ಬೇರಿನ ಅಂಟಿನಂಥ ಭಾಗದಲ್ಲಿದೆ ಎಂದು 1940ರ ದಶಕದಲ್ಲಿ ನಮ್ಮ ದೇಶದ ಸಂಶೋಧಕರು ಕಂಡುಕೊಂಡರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳಲ್ಲಿ ಇದರ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತಿನ ಗಮನ ಸರ್ಪಗಂಧದತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರಿಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು.

ನರದ ತುದಿಯಲ್ಲಿ ಸಂದೇಶದ ರಾಸಾಯನಿಕಗಳು ಸಣ್ಣ ಸಣ್ಣ ಚೀಲಗಳಲ್ಲಿ ದಾಸ್ತಾನಾಗಿರುತ್ತವೆ. ರಿಸರ್ಪೀನ್ ಅವು ಚೀಲಕ್ಕೆ ತುಂಬುವುದನ್ನು ತಡೆಯುತ್ತದೆ. ದಾಸ್ತಾನು ಬರಿದಾಗುತ್ತದೆ. ರಕ್ತನಾಳದ ಗೋಡೆಯ ಸ್ನಾಯುವಿಗೆ ಬಿಗಿಯಾಗು ಎಂಬ ಸಂದೇಶ ಮುಟ್ಟದೆ ಅದು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಮಿದುಳಿನಲ್ಲೂ ಇದೇ ಆಗುವುದರಿಂದ ಉದ್ರೇಕ ತಗ್ಗುತ್ತದೆ.

1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಮೊಲಗಳಿಗೆ ರಿಸರ್ಪೀನ್ ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು, ಅಲುಗಾಡದೆ ಕುಳಿತುಬಿಟ್ಟವು. ಎಲ್-ಡೋಪಾ ಎಂಬ ವಸ್ತು ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡತೊಡಗಿದವು. ಸ್ನಾಯುಗಳಲ್ಲಿ ಯಾವ ದೋಷವೂ ಇರಲಿಲ್ಲ, ಚಲಿಸು ಎಂಬ ಸಂದೇಶವೇ ಮಿದುಳಿನಲ್ಲಿ ಬತ್ತಿಹೋಗಿತ್ತು. ಕೈಕಾಲು ನಡುಗಿ ಮೈ ಬಿಗಿಯಾಗುವ ಪಾರ್ಕಿನ್‌ಸನ್ ರೋಗದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆ ಇದೆ ಎಂಬ ತಿಳುವಳಿಕೆಗೆ ಈ ಪ್ರಯೋಗ ದಾರಿಮಾಡಿತು. ಆ ರೋಗಕ್ಕೆ ಇಂದಿಗೂ ಎಲ್-ಡೋಪಾ ಮುಖ್ಯ ಔಷಧ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಒಂದು ಎಚ್ಚರಿಕೆಯ ಮಾತು ಅಗತ್ಯ. ರಿಸರ್ಪೀನ್ ಕೆಲವರಲ್ಲಿ ತೀವ್ರ ಖಿನ್ನತೆಯನ್ನು ತಂದಿತೆಂದು ವರದಿಗಳು ಬಂದವು. ಅದಕ್ಕಿಂತ ಉತ್ತಮ ಔಷಧಗಳೂ ಬಂದು ಅದರ ಬಳಕೆ ಬಹಳ ಕಡಿಮೆಯಾಗಿದೆ. ಆದ್ದರಿಂದ ಸರ್ಪಗಂಧದ ಬೇರನ್ನು ಯಾರೂ ಸ್ವಂತ ಬುದ್ಧಿಯಿಂದ ಸೇವಿಸಬಾರದು. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯ ಎಂದು ತಿಳಿಯುವುದು ತಪ್ಪು. ಅತಿಯಾಗಿ ಬೇರು ಅಗೆದದ್ದರಿಂದ ಕಾಡಿನಲ್ಲಿ ಈ ಗಿಡವೇ ವಿರಳವಾಗಿದ್ದು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಈಗ ನಿಯಂತ್ರಣವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಿಗೂ ನಮ್ಮ ದೇಶದಲ್ಲಿ ಕಾನೂನಿನ ಕಟ್ಟುಪಾಡುಗಳಿವೆ. ಹಿಂದೆ ವಿದ್ಯಾರ್ಥಿಗಳು ಕಪ್ಪೆಯ ಮೇಲೆ ಮಾಡುತ್ತಿದ್ದ ಪಾಠದ ಪ್ರಯೋಗಗಳನ್ನು ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲೇ ತೋರಿಸುತ್ತಾರೆ. ಆ ಮೂಕಜೀವಿಗಳ ಋಣವೂ ನಮ್ಮ ಮೇಲಿದೆ.

ನಮಗೇನು ಪಾಠ?

ಸಿದ್ದೀಕಿಯವರು 1940ರವರೆಗೆ ತಿಬ್ಬಿಯಾ ಕಾಲೇಜಿನಲ್ಲಿ ದುಡಿದು, ಮುಂದೆ ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿಯಲ್ಲಿ ಸೇವೆ ಸಲ್ಲಿಸಿ, 1951ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯೂ ಸಂಶೋಧನಾ ಸಂಸ್ಥೆಗಳನ್ನು ಕಟ್ಟಿದರು. 1994ರಲ್ಲಿ ನಿಧನರಾದರು. ಜಾಮಿಯಾ 1988ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು. ಕರೋಲ್‌ಬಾಗ್‌ನ ತಿಬ್ಬಿಯಾ ಕಾಲೇಜು ಇಂದಿಗೂ ಇದೆ. ಯುನಾನಿಯಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ಬೆಂಗಳೂರಿನಲ್ಲೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಅಜ್ಮಲ್ ಖಾನರು ಸ್ವತಃ ಒಂದು ಕಪ್ಪೆಯನ್ನೂ ಪರೀಕ್ಷಿಸಲಿಲ್ಲ, ಒಂದು ಆಲ್ಕಲಾಯ್ಡನ್ನೂ ಬೇರ್ಪಡಿಸಲಿಲ್ಲ. ಪರೀಕ್ಷಿಸಬಲ್ಲ ಹುಡುಗನೊಬ್ಬನ ಓದಿಗೆ ನೆರವಾದರು, ಅವನಿಗೆ ಕೆಲಸ ಮಾಡಲು ಒಂದು ಜಾಗ ಸಿದ್ಧಪಡಿಸಿದರು. ಉಳಿದದ್ದು ಅವರ ನಂತರ ನಡೆಯಿತು. ನಮ್ಮಂಥ ವಿದ್ಯಾಸಂಘಗಳು ವರ್ಷವರ್ಷವೂ ವಿದ್ಯಾರ್ಥಿವೇತನ ಕೊಡುವಾಗ ಇದನ್ನು ನೆನಪಿಡಬೇಕು. ಫಲ ನಮ್ಮ ಕಣ್ಣೆದುರೇ ಕಾಣದಿರಬಹುದು. ವಿದ್ಯಾರ್ಥಿ ಮಿತ್ರರೇ, ಹಿರಿಯರಿಂದ ಬಂದ ತಿಳುವಳಿಕೆಯನ್ನು ಗೌರವಿಸಿ. ಕಣ್ಣುಮುಚ್ಚಿ ನಂಬುವುದೂ ಬೇಡ, ಕಣ್ಣುಮುಚ್ಚಿ ತಳ್ಳುವುದೂ ಬೇಡ. ಒರೆಗೆ ಹಚ್ಚಿ ನೋಡಿ. ಚಿನ್ನವಾಗಿದ್ದರೆ ಅದು ಹೊಳೆಯುತ್ತದೆ.